ತೊಟ್ಟಿಗೆ ಎರಡು ನಲ್ಲಿ

ಒಂದು ತೊಟ್ಟಿ. ಅದಕ್ಕೆ ಎರಡು ನಲ್ಲಿ.
ಒಂದು ಆರು ಗಂಟೆಯಲ್ಲಿ ತುಂಬಿಸುತ್ತದೆ,
ಇನ್ನೊಂದು ಒಂಬತ್ತರಲ್ಲಿ ಬರಿದು ಮಾಡುತ್ತದೆ.
ಎರಡನ್ನೂ ಒಟ್ಟಿಗೆ ತೆರೆದರೆ
ಎಂದು ನಾನು ಬೋರ್ಡಿನ ಮೇಲೆ ಬರೆದು ಮುಗಿಸುವ ಮೊದಲೇ
ಕೊನೆಯ ಸಾಲಿನಿಂದ ಅಲಿನಾಫೆ:
"ಮೇಷ್ಟ್ರೇ, ಆ ಎರಡನೆಯದನ್ನು ತೆರೆದವರು ಯಾರು?
ಅವರ ಮನೆಯಲ್ಲಿ ಬೈಯುವವರು ಇಲ್ಲವೇ?"

ತೊಂಬತ್ತೊಂದು ಮಕ್ಕಳು ನಕ್ಕವು.
ನಾನೂ ನಕ್ಕೆ. ಆಮೇಲೆ, ನಗು ಸಾಕು ಎಂದೆ.
ಉತ್ತರ ಹದಿನೆಂಟು, ಪುಸ್ತಕದ ಹಿಂದಿದೆ ಎಂದೆ.
ಇದು ನೀರು ಕುಡಿದಷ್ಟು ಸುಲಭ ಎಂದೆ.
ಜೊಂಬಾ ಬೆಟ್ಟದ ಕೆಳಗೆ, ಸುಡುವ ಅಕ್ಟೋಬರಿನಲ್ಲಿ ನಿಂತು
ನೀರು ಕುಡಿದಷ್ಟು ಎಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಪುಸ್ತಕ ಮುಚ್ಚಿ ಎಲ್ಲರನ್ನೂ ಕೈಪಂಪಿಗೆ ಕರೆದೊಯ್ದೆ.
ನಮ್ಮ ಪ್ರಯೋಗಾಲಯವೆಂದರೆ ನನ್ನ ಫೋನು,
ಗಾಜು ಜೇಡರ ಬಲೆ,
ಕ್ಷೌರದಂಗಡಿಯ ಸೋಲಾರ್ ತಟ್ಟೆಯಿಂದ ಸಾಲ ತಂದ ಚಾರ್ಜು.
ಲಿಂಬಾನಿ ಅದನ್ನು ಮೊಟ್ಟೆಯ ಹಾಗೆ ಹಿಡಿದು
ಸೆಕೆಂಡು ಓಡುವುದನ್ನು ನೋಡುತ್ತ ನಿಂತ.
ಉಳಿದವರು ಜಗ್ಗು ಎಣಿಸಿದರು.
ನಮ್ಮ ಮಾತಿನಲ್ಲಿ ಐದರ ಮೇಲೆ ಐದು-ಮತ್ತು-ಒಂದು,
ಐದು-ಮತ್ತು-ಎರಡು;
ಎಣಿಕೆ ಪಂಪಿಗಿಂತ ಹಿಂದೆ ಬಿತ್ತು,
ಮುದುಕಿಯರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.
ಕೊನೆಗೆ ಬೆಣಚುಕಲ್ಲು ಗುಡ್ಡೆ ಹಾಕಿ ಎಣಿಸಿದೆವು:
ಒಂದು ಬಕೆಟ್ಟಿಗೆ ನೂರ ನಾಲ್ಕು ಜಗ್ಗು, ನಾಲ್ಕು ನಿಮಿಷ.

ಸಾಲಿನಲ್ಲಿ ಮೂವತ್ತೆಂಟು ಬಕೆಟ್.
ಗುಣಿಸಿ ಎಂದೆ. ಮಣ್ಣಿನ ಮೇಲೆ ಬೆರಳಿನಿಂದ ಗುಣಿಸಿದರು.
ನೂರ ಐವತ್ತೆರಡು.
ಐದಕ್ಕೆ ಬಂದು ಕೊನೆಗೆ ನಿಂತವಳು
ಏಳೂ ಮೂವತ್ತೆರಡಕ್ಕೆ ಬಕೆಟ್ ತಲೆಗೇರಿಸುತ್ತಾಳೆ.
ಶಾಲೆಯ ಗಂಟೆ ಏಳೂವರೆಗೆ.
ಮನೆಯ ನಡಿಗೆ ಇನ್ನೂ ಬಾಕಿ.

ಯಾರೂ ಅಲಿನಾಫೆಯ ಕಡೆ ನೋಡಲಿಲ್ಲ.
ನೋಡದೇ ಇದ್ದದ್ದನ್ನು ನಾನು ನೋಡಿದೆ.

ವಾರವಿಡೀ ಬರೆದರು. ಯಾರ ಬಕೆಟ್, ಯಾತಕ್ಕೆ:
ಗಂಜಿಗೆ, ಮಗುವಿಗೆ, ಇಟ್ಟಿಗೆಯ ಗೂಡಿಗೆ,
ಮದುವೆಯ ಬಿಯರಿಗೆ.
ಅಂಕಿಗಳನ್ನು ಫೋನಿಗೆ ತುಂಬಿದಾಗ
ಬಣ್ಣದ ಕಂಬಗಳು ಎದ್ದು ನಿಂತವು,
ಹಿಂದಿನ ಬೆಂಚಿನ ಹುಡುಗರು ಮೊದಲ ಸಲ ಮುಂದೆ ನುಗ್ಗಿದರು.
ಆಗ ಅವಳು, ಪೆನ್ಸಿಲ್ ಕಚ್ಚುತ್ತ,
ತುಂಬ ಮೆಲ್ಲಗೆ:
"ಮೇಷ್ಟ್ರೇ, ಈ ಹನ್ನೊಂದು ಬಕೆಟ್ ಯಾವ ಕಾಲಮ್ಮಿಗೆ?"

ಹನ್ನೊಂದು.
ತಡವಾಗಿ ಬಂದವರಿಗೆ ನಾನೇ ಮಾಡಿದ ಶಿಕ್ಷೆ:
ತಲಾ ಒಂದು ಬಕೆಟ್ ನೀರು, ಮೇಷ್ಟ್ರ ಸಾಸಿವೆಸೊಪ್ಪಿನ ಮಡಿಗೆ.
ಹಾಜರಿ ಪುಸ್ತಕದಲ್ಲಿ ಆರು ವರ್ಷದ ಕೆಂಪು ಶಾಯಿ.
ತಡ, ತಡ, ತಡ, ನನ್ನದೇ ಅಕ್ಷರ, ಎಷ್ಟು ಅಂದವಾಗಿ!
ಸಾಲಿನಲ್ಲಿ ನಿಂತು ತಡವಾದವರು
ಮತ್ತೆ ಅದೇ ಸಾಲಿನಲ್ಲಿ ನಿಂತು
ನಾಳೆಯ ಸಾಲನ್ನು ಉದ್ದ ಮಾಡುತ್ತಿದ್ದರು.

ಎರಡನೆಯ ನಲ್ಲಿಯನ್ನು ತೆರೆದವರು ಯಾರೆಂದು
ಆ ಹುಡುಗಿ ಕೇಳಿದ್ದಳಲ್ಲ.

ಕಂಬಗಳ ಚಿತ್ರ ನೀರಿನ ಆಫೀಸಿಗೆ ಹೋಯಿತು.
ಮಕ್ಕಳೇ ಕಾಗದ ಬರೆದರು, ನಾನು ಕಾಗುಣಿತ ತಿದ್ದಿದೆ.
ಮೂರನೆಯ ವಾರ ಸೈಕಲ್ಲಿನಲ್ಲಿ ಒಬ್ಬ ಬಂದ,
ಜೇಬಿನಿಂದ ಒಂದು ರಬ್ಬರ್ ಉಂಗುರ ತೆಗೆದ.
ಅಷ್ಟೇ. ಅಂಗೈಯಲ್ಲಿ ಮುಚ್ಚಿಡುವಷ್ಟು.
ನೂರ ನಾಲ್ಕಿದ್ದ ಜಗ್ಗು ನಲವತ್ತಮೂರಕ್ಕೆ ಇಳಿಯಿತು.
ಲಿಂಬಾನಿ ನಂಬದೆ ಮತ್ತೆ ಎಣಿಸಿದ. ನಲವತ್ತಮೂರೇ.

ಆದರೆ ಸುದ್ದಿ ಕಾಲಿಲ್ಲದೆ ನಡೆಯುತ್ತದೆ.
ಈಗ ಆಚೆಯ ಊರಿನವರೂ ಬರುತ್ತಾರೆ,
ಅವರ ಪಂಪು ಯಾವತ್ತೋ ಸತ್ತಿದೆ.
ಸಾಲು ಮತ್ತೆ ಮಾವಿನ ಮರ ದಾಟಿದೆ.
ಅಲಿನಾಫೆ ಇವತ್ತೂ ಒದ್ದೆ ಭುಜದಲ್ಲೇ ಒಳಗೆ ಬಂದಳು,
ಹನ್ನೆರಡು ನಿಮಿಷ ತಡ.
ಬೋರ್ಡಿನ ಹತ್ತಿರ ಬಂದು ಸೀಮೆಸುಣ್ಣ ಕೇಳಿದಳು:
ಒಂದು ಪಂಪು. ಅದಕ್ಕೆ ಎರಡು ಊರು.

ನನ್ನ ಸೊಪ್ಪಿನ ಮಡಿ ಒಣಗಿದೆ.
ಮೊನ್ನೆ ಬಂದ ಇನ್‌ಸ್ಪೆಕ್ಟರು
ಎಷ್ಟನೆಯ ಪಾಠ ನಡೆಯುತ್ತಿದೆ ಎಂದು ಕೇಳಿದರು.
ತೊಟ್ಟಿಯದು, ಸರ್.
ಇನ್ನೂ ಅದೇ ನಡೆಯುತ್ತಿದೆ.