ಲೆಕ್ಕಕ್ಕೆ ಸೇರಿದ ಜಂತಿ

ಮೊದಲು ಡಾಂಬರು ಹಾಳೆ ಕಿತ್ತೆವು.
ಅದರಡಿ ಸಿಮೆಂಟು, ಅದರಡಿ ಮಣ್ಣು,
ಮಣ್ಣಿನಡಿ ಚಾಪೆ, ಚಾಪೆಯಡಿ ಸೀಳಿದ ಬಿದಿರು,
ಎಲ್ಲಕ್ಕೂ ಕೆಳಗೆ
ಕಾಂಡ್ಲಾ ಮರದ ಜಂತಿಗಳು,
ಆಫ್ರಿಕದ ಕೆಸರಿನಿಂದ ಹಾಯಿಹಡಗಿನಲ್ಲಿ ಬಂದವು.

ಮುಹರಕ್ಕಿನ ಈ ಓಣಿಯಲ್ಲಿ ಕೋಣೆಯ ಅಗಲ
ಯಜಮಾನ ಹೇಳಿದ್ದಲ್ಲ, ಮೇಸ್ತ್ರಿ ಹೇಳಿದ್ದಲ್ಲ.
ಯಾವುದೋ ತೀರದಲ್ಲಿ ಒಂದು ಮರ
ಎಷ್ಟು ಬೆಳೆದು ಸಾಕೆಂದಿತೋ ಅಷ್ಟು.
ಹತ್ತಡಿ. ಹೆಚ್ಚೆಂದರೆ ಹನ್ನೊಂದು.
ನಾನು ಮಲಗುವ ಕ್ಯಾಂಪಿನ ಕೋಣೆಯೂ ಹತ್ತಡಿಯೇ,
ಅದಕ್ಕೆ ಮರ ಕಾರಣವಲ್ಲ.

ಗೆದ್ದಲು ತಿಂದದ್ದನ್ನು
ಬೆರಳ ಗಿಣ್ಣಿನಿಂದ ತಟ್ಟಿಯೇ ಹೇಳಬಲ್ಲೆ:
ಗಟ್ಟಿಯಿದ್ದದ್ದು ಟಣ್ ಎನ್ನುತ್ತದೆ,
ಟೊಳ್ಳಾದದ್ದು ಮಾತು ನುಂಗುತ್ತದೆ.
ಸಿಲ್ಹೆಟಿನ ಜುಬೈರುಲ್ ನಂಬುವುದಿಲ್ಲ;
ಸ್ಕ್ರೂಡ್ರೈವರ್ ಚುಚ್ಚಿ ನೋಡಿ
“ಠೀಕ್ ಬೋಲಾ, ಆಚಾರಿ” ಅನ್ನುತ್ತಾನೆ,
ಪ್ರತಿ ಸಲವೂ ಹೊಸದಾಗಿ ಆಶ್ಚರ್ಯಪಟ್ಟು.

ಹನ್ನೆರಡರಿಂದ ನಾಲ್ಕು ಕೆಲಸ ಮಾಡಿಸಬಾರದು, ಕಾನೂನು.
ಸುಲಿದ ಸೂರಿನಡಿ
ಒಂದು ಪಟ್ಟೆ ಬಿಸಿಲು, ಒಂದು ಪಟ್ಟೆ ನೆರಳು
ಹೊದ್ದು ಬಿದ್ದುಕೊಳ್ಳುತ್ತೇವೆ.
ಅಂಥದೊಂದು ಹೊತ್ತಿನಲ್ಲೇ ಉಮ್ಮ್ ಫುವಾದ್ ಬಂದಳು,
ಮೊಮ್ಮಗನ ತೋಳು ಹಿಡಿದು.
ನಡುಕೋಣೆಯಲ್ಲಿ ನಿಂತು ಆಕಾಶ ನೋಡಿದಳು,
ಇದು ಯಾವಾಗ ಒಳಗೆ ಬಂತು ಎಂಬಂತೆ.
ಆಮೇಲೆ ಕೋಲೆತ್ತಿ ಏಳನೆಯ ಜಂತಿ ತೋರಿಸಿದಳು.
ಅದರಲ್ಲೊಂದು ಕಬ್ಬಿಣದ ಬಳೆ.
ತೊಟ್ಟಿಲಿನದಂತೆ. ಐದು ಮಕ್ಕಳು, ಇಬ್ಬರು ಉಳಿದರಂತೆ.
ಅದೊಂದು ಬಿಡಿ, ಅಂದಳು.

ಟೊಳ್ಳು ಅಮ್ಮಾ, ಭಾರ ಹೊರುವುದಿಲ್ಲ, ಅಂದೆ
ನನ್ನ ಹರಕು ಅರಬಿಯಲ್ಲಿ.
ಅವಳಿಗೆ ಸಿಟ್ಟೇ ಬಂತು:
ಹೊರಲಿ ಅಂತ ಯಾರು ಹೇಳಿದರು?

ಆ ವಾರವೆಲ್ಲ ಹೊಸ ಜಂತಿ ಕೂರಿಸಿದೆವು,
ನಲವತ್ತೊಂದು.
ಟೊಳ್ಳನ್ನು ಅದರ ಜಾಗದಲ್ಲೇ ಇಟ್ಟು
ಅಕ್ಕಪಕ್ಕದ ಎರಡಕ್ಕೆ ಹಗ್ಗ ಬಿಗಿದು ತೂಗುಹಾಕಿದೆವು.
ಹೊಸದಕ್ಕೆ ಬಳಿದ ಕರಿ ಎಣ್ಣೆಯನ್ನೇ ಅದಕ್ಕೂ ಬಳಿದೆವು.
ಕೆಳಗಿಂದ ನೋಡಿದರೆ
ಸಾಲಿನಲ್ಲಿ ಅದೂ ಒಂದು,
ದುಡಿಯುತ್ತಿರುವ ಹಾಗೇ ಉಂಟು.
ಬಳೆಯ ತುಕ್ಕನ್ನು ಜುಬೈರುಲ್ ಮರಳುಕಾಗದದಲ್ಲಿ ಉಜ್ಜುತ್ತ ಕೂತ,
ಒಂದು ಗಂಟೆ.
ಯಾಕೆಂದು ನಾನು ಕೇಳಲಿಲ್ಲ.

ಮೇಲೆ ಬಿದಿರು, ಚಾಪೆ, ಮಣ್ಣು ಎಲ್ಲ ಮುಗಿದ ದಿನ
ಫೋರ್‌ಮನ್ ಬಂದ, ಕತ್ತೆತ್ತಿ ಎಣಿಸಿದ,
ಹೊಸ ಜಂತಿ ನಲವತ್ತೆರಡು
ಎಂದು ಬಿಲ್ಲಿನಲ್ಲಿ ಬರೆದ.

ನಾವು ಏಣಿ ಮಡಚುತ್ತಿದ್ದೆವು.
ತಿದ್ದಲಿಲ್ಲ.