ಸೊನ್ನಿ ಬಾಟ್ಲಿ

ಎದಿಯೊಳಗ ಸ್ಪ್ರಿಂಗ್ ಹಾಕ್ಯಾರ.
ಬಾಲ್‌ಪೆನ್ನಿನ ಸ್ಪ್ರಿಂಗಿಗಿಂತ ಸಣ್ಣದು, ಎರಡು ಮಗ್ಗಕ್ಕಿಂತ ತುಟ್ಟಿದು.
ಡಾಕ್ಟರಮ್ಮ ಅಂದ್ಲು: "ಪಾಂಡುಸಾ ಅವರ, ಶೆರೆ ಬಿಡ್ರಿ,
ಎಣ್ಣಿ ಬಿಡ್ರಿ, ಉಪ್ಪು ಕಮ್ಮಿ ಮಾಡ್ರಿ."
"ಮತ್ತ ಶನಿವಾರ?" ಅಂದ್ನಿ.
"ಶನಿವಾರ ದವಾಖಾನಿ ಅರ್ಧಾ ದಿನ," ಅಂದ್ಲು.

ಶನಿವಾರ ಅಂದ್ರ ಬೆಟಗೇರಿಯೊಳಗ ಮಗ್ಗ ನಿಂತ ಮ್ಯಾಲೂ
ಕಿವಿಯೊಳಗ ಓಡೂ ಮಗ್ಗ.
ಅದನ್ನ ನಿಲ್ಲಸಾಕ ನಮಗೊಂದು ಮೂಲಿ ಇತ್ತು,
ತುಳಜನಸಾನ ಸಾವಜಿ ಖಾನಾವಳಿ, ಹಿಂದಿನ ಖೋಲಿ:
ಅಚ್ಚಿನ ಮೊಳಿ ಜೋಡಿಸೂ ಗುರುಪಾದ,
ಲೈನಮನ್ ಯಮನೂರಪ್ಪ, ನಾನು.
ಇಪ್ಪತ್ತೆರಡು ವರ್ಷ ಒಂದಽ ಟೇಬಲ್, ಒಂದು ಕಾಲು ಗಿಡ್ಡ,
ಅದರ ಬುಡಕ ಮಡಚಿಟ್ಟ ಯಾರದೋ ಲಗ್ನಪತ್ರಿಕಿ,
ಗುರುಪಾದನ ಪ್ರೆಸ್ಸಿಂದಽ.

"ಹುಬ್ಬಳ್ಳಿಯಿಂದ ತರಿಸೇನಿ," ಅಂದ ತುಳಜನಸಾ,
"ಬೀರ್ ಐತಿ, ಬೀರ್ ಇಲ್ಲ."
ಚೀಟಿ ಮ್ಯಾಲೆ ಎರಡು ಸೊನ್ನಿ,
ಚುಕ್ಕಿಯ ಆಕಡೆ ಒಂದು, ಈಕಡೆ ಒಂದು, ಖಾತರಿಗೆ.
ನೊರಿ ಬಂತು. ಕಹಿ ಬಂತು. ಗ್ಲಾಸಿನ ಮೈ ಬೆವತಿತು.
ಮದುವಿಗೆ ಎಲ್ಲಾರೂ ಬಂದ್ರು,
ಬ್ಯಾಂಡ್ ಒಂದು ಬರಲಿಲ್ಲ.

ಅವರ ತಾಟಿನ್ಯಾಗ ಕೆಂಪು ಎಣ್ಣಿ ತೇಲತಿತ್ತು,
ನನ್ನ ಕೈಯಾಗ ಸೌತಿಕಾಯಿ.
ಮೊದಲನೇ ಗ್ಲಾಸಿಗೆ ನಳದ ನೀರಿನ ಮಾತು,
ಎಂಟು ದಿನಕ್ಕೋ ಹತ್ತಕ್ಕೋ ಅಂತ ಜಗಳ.
ಎರಡನೇದಕ್ಕ ಗುರುಪಾದ ಸಾಹೇಬನ ದನಿ ತಗದು ನಗಿಸಿದ.
ಮೂರನೇದಕ್ಕ ಯಮನೂರಪ್ಪ ಗ್ಲಾಸ್ ಕೆಳಗಿಟ್ಟ.

"ಲೈನ್ ಬಂದ್ ಐತಿ, ಹತ್ತಲೇ, ಅಂತ ನಾನಽ ಅಂದಿದ್ದೆ."
ಹುಡುಗನ ಹೆಸರು ಹೇಳಿದ. ಹತ್ತೊಂಬತ್ತು ವರ್ಷ.
ಲಕ್ಕುಂಡಿ ಕಡೆ ಹೊಲ, ಸೇಂಗಾ ಹರಿಯೂ ದಿನ.
"ಹತ್ತಿದ. ಚಪ್ಪಲಿ ಕೆಳಗ ಬಿಟ್ಟು, ಜೋಡಿಸಿಟ್ಟು, ಹತ್ತಿದ."
ಗುರುಪಾದ ಅವನ ಹೆಗಲು ಹಿಡಕೊಂಡು ಅತ್ತ.
ನಾ ಸೌತಿಕಾಯಿ ಹಿಡಕೊಂಡು ಕುಂತಿದ್ನಿ,
ಕಚ್ಚಿದ್ರ ಸಪ್ಪಳ ಆದೀತಂತ.

ಮರುದಿನ ಚಾದಂಗಡಿಯೊಳಗ:
"ರಾತ್ರಿ ಭಾಳ ನಕ್ಕಿವಲ್ಲೋ?" ಅಂದ ಯಮನೂರಪ್ಪ.
"ಹೊಟ್ಟಿ ಹುಣ್ಣಾಗೂ ಹಂಗ," ಅಂದ ಗುರುಪಾದ.
ನಾ ಹೂಂ ಅಂದ್ನಿ.

ಮುಂದಿನ ಶನಿವಾರ, ಮೂರನೇ ಗ್ಲಾಸು, ಅದಽ ಕಂಬ.
ಅದರ ಮುಂದಿನ ವಾರ ಅವಽ ಚಪ್ಪಲಿ.
"ಇದು ಯಾವಾಗಿಂದೋ?" ಅಂತ ತುಳಜನಸಾನ್ನ ಕೇಳಿದ್ನಿ.
ಟೇಬಲ್ ಒರಸ್ಕೋತ ಅಂದ:
"ಮೊದಲಿಂದನೂ. ನೀನೂ ಅಳತಿದ್ದಿ.
ಎಲ್ಲಾರಿಗಿಂತ ಜೋರ ನೀನಽ."

"ಎದಿ ಭಾರ ಆಗತೈತೇನ್ರಿ?" ಡಾಕ್ಟರಮ್ಮ.
"ಆಗತೈತ್ರಿ. ಶನಿವಾರ, ರಾತ್ರಿ ಹತ್ತರ ಸುಮಾರ."
ಗಾಬರಿಯಾಗಿ ವಾಯರ್ ಹಚ್ಚಿದ್ಲು.
ಕಾಗದದ ಮ್ಯಾಲೆ ಕಂಬ, ಕಂಬ, ಕಂಬ,
ನಡುವ ಜೋತುಬಿದ್ದ ತಂತಿ.
"ಏನೂ ಇಲ್ಲ, ಲೈನ್ ಕ್ಲಿಯರ್," ಅಂತ ನಕ್ಕಳು.
ನಾ ಬೆಚ್ಚಿದ್ದು ಆ ಮಿಶನ್ನಿಗೆ ಸಿಗಲಿಲ್ಲ.
ಸೊನ್ನಿ ಬಾಟ್ಲಿ ಸುದ್ದಿ ತಗದ್ರ,
"ಅದೇನು ಔಷಧ ಅಲ್ರಿ, ಅದರಾಗೂ ಸಕ್ಕರಿ ಇರತೈತಿ, ದಿನಾ ಬ್ಯಾಡ."
"ವಾರಕ್ಕೊಂದಽರಿ," ಅಂದ್ನಿ. "ಅಷ್ಟಽ ತಡೀತೈತಿ."

ನಿನ್ನೆ, ಮೊದಲನೇ ಗ್ಲಾಸು ಇನ್ನೂ ತುಂಬಿದ್ದಾಗ,
ನೀರಿನ ಮಾತು ಶುರುವಾಗೂಕಿಂತ ಮೊದಲ,
ಕೇಳೇಬಿಟ್ನಿ:
"ಯಮನೂರಾ, ಆ ಹುಡುಗನ ಚಪ್ಪಲಿ ಏನ್ ಮಾಡಿದಿ?"

ಫ್ಯಾನ್ ತಿರಗತಿತ್ತು.
ಅಂವ ನನ್ನ ಬಾಟ್ಲಿ ಕಡೆ ನೋಡಿದ, ನನ್ನ ನೋಡಿದ,
ಯಾವ ಕಡೆಯಿಂದ ಕರೆಂಟ್ ಬಂತು ಅಂತ ಹುಡುಕೂ ಹಂಗ.
"ಮನ್ಯಾಗ ಅದಾವ," ಅಂದ.
"ಮಳಿಗಾಲ ಮುಗದ ಮ್ಯಾಲೆ ಬಿಸಲಿಗೆ ಇಡತೀನಿ."

ಟೇಬಲ್ ಅಲ್ಲಾಡಿತು.
ಗುರುಪಾದ ಬಗ್ಗಿ, ಭಾಳ ಹೊತ್ತು ಬಗ್ಗೇ ಇದ್ದು,
ಲಗ್ನಪತ್ರಿಕಿ ಇನ್ನೊಂದು ಮಡಿಕಿ ಮಡಚಿದ.