ಒಂದೇ ಸೈಜು

ಬಳೇಪೇಟೆಯ ಮೂರನೇ ಮಹಡಿಯಲ್ಲಿ
ಪೇಟಕ್ಕೆ ಜರಿ ಅಂಚು ಹೊಲಿಯುವವಳು ನಾನು.
ಒಂದಕ್ಕೆ ಒಂಬತ್ತು ರೂಪಾಯಿ.
ಒಳಗೆ ರಟ್ಟು, ಮೇಲೆ ರೇಷ್ಮೆಯಂಥದ್ದು,
ಹಿಂದೆ, ಫೋಟೋದಲ್ಲಿ ಕಾಣದ ಕಡೆ,
ಎರಡು ಬೆರಳಗಲ ಇಲಾಸ್ಟಿಕ್.

ಮಾವನವರ ಕಾಲದಲ್ಲಿ ಕಟ್ಟಬೇಕಿತ್ತು:
ತಲೆ ಕೂತಿರಬೇಕು, ಕಟ್ಟುವವನು ನಿಂತಿರಬೇಕು,
ಅಷ್ಟುದ್ದ ಬಟ್ಟೆ ಆ ಒಂದೇ ತಲೆಯ ಸುತ್ತ.
ಅರಮನೆಗೆ ಹೋಗಿ ಕಟ್ಟಿದ್ದೆ ಅನ್ನುತ್ತಿದ್ದರು.
ಅತ್ತೆ ಒಳಗಿನಿಂದ, "ಹೂಂ, ಕುದುರೆ ಲಾಯದವನಿಗೆ."

ಜನವರಿ ಬಂತೆಂದರೆ ಕೈಗೆ ಬಿಡುವಿಲ್ಲ.
ಇಪ್ಪತ್ತಾರಕ್ಕೆ ಮುನ್ನೂರು ಬೇಕಂತೆ
ಬಡಾವಣೆ ಸಂಘಕ್ಕೆ, ಬ್ಯಾಂಕಿಗೆ, ಆಟೋ ಸ್ಟ್ಯಾಂಡಿಗೆ.
ರಾಜರನ್ನು ಇಳಿಸಿದ ದಿನಕ್ಕೆ
ಇಷ್ಟೊಂದು ರಾಜರು ಬೇಕಾಗುತ್ತಾರೆ.

ಕೆಳಗೆ ಗಲ್ಲಾದ ಹತ್ತಿರ ಇಬ್ಬರದು ದಿನಾ ಇದೇ ಜಗಳ.
ಬ್ಯಾಂಡ್‌ಸೆಟ್ಟಿನ ಯಲ್ಲೋಜಿರಾಯರು:
"ದೊರೆಗಾದರೆ ನಾಚಿಕೆ ಇರುತ್ತೆ ಸ್ವಾಮಿ,
ಮೊಮ್ಮಗನೂ ಇದೇ ಊರಲ್ಲಿ ಬಾಳಬೇಕಲ್ಲ.
ಇವರದು ಐದು ವರ್ಷದ ಲೀಸು.
ಲೀಸಿನ ಮನೆಗೆ ಯಾರು ಸುಣ್ಣ ಹೊಡೀತಾರೆ?"
ವಕೀಲ ಪಾರ್ಶ್ವನಾಥಯ್ಯ, ಕನ್ನಡಕ ಒರೆಸುತ್ತ:
"ಲೀಸಿನವನನ್ನ ಖಾಲಿ ಮಾಡಿಸಬಹುದು.
ಮನೆಯೇ ನಂದು ಅನ್ನೋನನ್ನ?"
ಅಷ್ಟರಲ್ಲಿ ಟೀ ಬರುತ್ತದೆ, ಬೈಟೂ.
ಯಾರ ಲೋಟ ಹೆಚ್ಚು ತುಂಬಿದೆ ಅಂತ ಇಬ್ಬರೂ ಬಗ್ಗಿ ನೋಡುತ್ತಾರೆ.

ಮೊನ್ನೆ ವಾರ್ಡಿನ ಗುರುಮಲ್ಲಪ್ಪನವರು ಮೆಟ್ಟಿಲು ಹತ್ತಿ ಬಂದರು,
ಎರಡು ಸಲ ಗೆದ್ದವರು, ಏದುಸಿರು.
ಜತೆಗೆ ಮಗ, ಏಳನೇ ಕ್ಲಾಸು, ಮೊಬೈಲಲ್ಲಿ ಮುಖ.
"ಇವನಿಗೂ ಒಂದು ಬೇಕಮ್ಮ, ಚಿಕ್ಕದು.
ಈಗಿಂದಲೇ ಅಭ್ಯಾಸ ಆಗಲಿ."
ಒಂದೇ ಸೈಜು ಸಾರ್, ಅಂದೆ.
ಹಾಕಿ ನೋಡಿದರು. ಹುಡುಗನ ಮೂಗಿನವರೆಗೂ ಇಳಿಯಿತು.
"ಅಪ್ಪಾ, ಏನೂ ಕಾಣ್ತಿಲ್ಲ."
ಯಾರೂ ನಗಲಿಲ್ಲ.
ನಾನು ದಾರ ಕಚ್ಚಿ ತುಂಡು ಮಾಡಿದೆ.

ಯಾರಿಗೂ ಹೇಳಬೇಡಿ:
ಇಲಾಸ್ಟಿಕ್ ಹಿಡಿಯಿತೋ ಇಲ್ಲವೋ ನೋಡಲು
ಪ್ರತಿಯೊಂದೂ ಮೊದಲು ಕೂರುವುದು ನನ್ನ ತಲೆಯ ಮೇಲೆ.
ನಿನ್ನೆ ಎಣಿಸಿದೆ, ನಲವತ್ತೆರಡು ಸಲ.
ಕನ್ನಡಿ ಇಲ್ಲ. ಕೇಳಿಯೂ ಇಲ್ಲ.

ಏಳೂವರೆಗೆ ಮೆಜೆಸ್ಟಿಕ್‌ನಿಂದ ಸುಂಕದಕಟ್ಟೆ ಬಸ್ಸು.
ಬೈತಲೆಯಲ್ಲಿ ಜರಿಯ ಚೂರು.
ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟು
ಮುಖ ನೋಡದೆ ಕೂಗುತ್ತಾನೆ,
"ಒಳಗೆ ಹೋಗಿ, ಒಳಗೆ ಹೋಗಿ, ಎಲ್ಲರಿಗೂ ಜಾಗ ಇದೆ."
ಇರುವುದಿಲ್ಲ.
ಕಂಬಿ ಹಿಡಿದು, ಎಲ್ಲರ ಜತೆ, ನಿಂತೇ ಹೋಗುತ್ತೇನೆ.